ಬ್ರೇಕು ಯಾರ ಕಾಲಡಿ

ಹನ್ನೊಂದನೇ ತಾರೀಕು, ಮಂಗಳವಾರ
ಊಟದ ಬಿಡುವು

ನನ್ನ ಜಗಳಗಂಟಿ ಮಗಳೇ,

ಹೇಗಿದ್ದೀಯ? ಕಾಲಿನ ಊತ ಇಳಿಯಿತೆ? ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ಬರೆಯಲಿಲ್ಲ ಅಂತ ಮುನಿಸಿಕೊಳ್ಳಬೇಡ. ನಾವು ಆಯಾಗಳೆಲ್ಲ ದೊಡ್ಡ ಡಾಕ್ಟರ ಬಾಗಿಲಿಗೆ ಅಡ್ಡ ಕೂತಿದ್ದೆವು. ಹೆರಿಗೆ ವಾರ್ಡಿನ ಹನ್ನೆರಡು ಮಂಚಕ್ಕೆ ಹನ್ನೆರಡು ಪರದೆ ಬೇಕು, ಅಷ್ಟೇ ಬೇಡಿಕೆ. ಒಬ್ಬಳು ಬೆತ್ತಲೆ ಮಲಗಿ ನರಳುವುದನ್ನು ಹನ್ನೊಂದು ಮಂದಿ ನೋಡುವ ಕೋಣೆಯನ್ನು ಆಸ್ಪತ್ರೆ ಅನ್ನಲು ಇವರಿಗೆ ನಾಲಿಗೆ ಹೇಗೆ ಏಳುತ್ತದೆ? ಒಂಬತ್ತನೇ ದಿನ ಹಸಿರು ಬಟ್ಟೆ ಬಂತು. ಹೊಲಿದು ನೇತುಹಾಕಿದವರೂ ನಾವೇ.

ಈಗ ನಿನ್ನ ವಿಷಯ. ಪೇಟೆಯ ನಡುವೆ ಐವತ್ತು ಜನರನ್ನು ಕೂರಿಸಿಕೊಂಡು ಬಸ್ಸು ಓಡಿಸುವವಳಿಗೆ ಹೆರಿಗೆ ಕೋಣೆ ನೆನೆದರೆ ಭಯ ಅಂತ ಬರೆದಿದ್ದೀಯ. ಇರಲಿ. ಎಲ್ಲರೂ ಹೆತ್ತಿಲ್ಲವಾ, ಇವಳದೇನು ಹೊಸದು ಅಂದರಂತೆ ನಿನ್ನ ಅತ್ತೆ. ಇಪ್ಪತ್ತಾರು ವರ್ಷ ಆ ಕೋಣೆಯ ನೆಲ ಒರೆಸಿದವಳು ಹೇಳುತ್ತೇನೆ, ಕೇಳಿಸಿಕೋ: ಭಯವಿಲ್ಲದೆ ಒಳಗೆ ಬಂದ ಹೆಂಗಸನ್ನು ನಾನು ಕಂಡಿಲ್ಲ. ಭಯ ಅಂತ ಬಾಯಿಬಿಟ್ಟು ಹೇಳಿದವರನ್ನೂ ಹೆಚ್ಚು ಕಂಡಿಲ್ಲ. ಹೇಳಲು ಬಿಟ್ಟವರಾದರೂ ಯಾರು?

ನೀನು ಹೇಳಿದೆ. ದಿನ ಗೊತ್ತುಮಾಡಿ ಆಪರೇಷನ್ ಮಾಡಿಬಿಡೋಣ, ನೋವೇ ಇರದು ಎಂದು ನಿಮ್ಮೂರಿನ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಆಸೆ ಹುಟ್ಟಿಸಿದರೆ, ಆಮೇಲೆ ಹೊಲಿಗೆ ನೋಯುವುದಿಲ್ಲವೆ, ಎಷ್ಟು ವಾರಕ್ಕೆ ಸ್ಟೇರಿಂಗ್ ಹಿಡಿಯಬಹುದು ಎಂದು ಕೇಳಿದೆ. ದಾದಿಯರೇ ಹೆರಿಗೆ ಮಾಡಿಸುವ ಆ ಸಣ್ಣ ಕೇಂದ್ರ ನಿನಗೆ ಇಷ್ಟವಾಗಿತ್ತು. ಆದರೂ ರಕ್ತ ಹೋದರೆ ದೊಡ್ಡಾಸ್ಪತ್ರೆಗೆ ಎಷ್ಟು ಹೊತ್ತು ಅಂತ ಗಡಿಯಾರ ನೋಡಿಕೊಂಡು ಆ ದಾರಿಯಲ್ಲಿ ಗಾಡಿ ಓಡಿಸಿ ಅಳೆದೆಯಲ್ಲ, ನಲವತ್ತು ನಿಮಿಷ. ಬೇಡ ಅಂದೆ. ದೊಡ್ಡಾಸ್ಪತ್ರೆಯೇ ಸರಿ, ತಾನಾಗಿ ಆಗುವ ಹೆರಿಗೆ, ತಾಳಲಾಗದಿದ್ದರೆ ಬೆನ್ನಿಗೆ ನೋವು ತಗ್ಗಿಸುವ ಸೂಜಿ, ಜೀವಕ್ಕೆ ಕುತ್ತು ಬಂದರೆ ಮಾತ್ರ ಕತ್ತರಿ. ಇಷ್ಟಾದ ಮೇಲೂ ಡಾಕ್ಟರಮ್ಮನ ಎದುರಿನಿಂದ ಎದ್ದು ಬರಲಿಲ್ಲ ನೀನು.

"ಆ ಕೋಣೇಲಿ ಬ್ರೇಕು ಯಾರ ಕಾಲಡಿ ಇರುತ್ತೆ ಡಾಕ್ಟ್ರೇ?"

ಆಕೆ ನಕ್ಕರಂತೆ. ನೀನು ನಗಲಿಲ್ಲವಂತೆ. ಆಮೇಲೆ ಪೆನ್ನು ತೆಗೆದು ನಿನ್ನ ಚೀಟಿಯಲ್ಲಿ ಬರೆದರಂತೆ: ಕೇಳದೆ ಯಾರೂ ಮೈ ಮುಟ್ಟುವಂತಿಲ್ಲ, ಜೊತೆಗೆ ಒಬ್ಬರು ಇರಬಹುದು.

ನಿನ್ನ ಕಾಗದವನ್ನು ಬಟ್ಟೆ ಒಗೆಯುವ ಕೋಣೆಯಲ್ಲಿ ಎಲ್ಲರಿಗೂ ಕೇಳುವಂತೆ ಮೂರು ಸಲ ಓದಿದೆ. ನಮ್ಮ ಹಿರಿಯ ಆಯಾ, ನಾವು ಗುಡುಗಮ್ಮ ಅನ್ನುತ್ತೇವಲ್ಲ, ಸೋಪಿನ ಕೈ ಸೊಂಟಕ್ಕೆ ಒರೆಸಿಕೊಂಡು, "ಇದು ನಿನ್ನ ಹೊಟ್ಟೇಲಿ ಹುಟ್ಟಿದ್ದಾ? ದೊಡ್ಡೋರು ಕೆಮ್ಮಿದ್ರೆ ನೀನು ಎದ್ದು ನಿಲ್ತೀಯಲ್ಲೇ" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾರನೇ ದಿನವೇ ಆ ಬಾಗಿಲಿಗೆ ಹೋಗಿ ಕೂತೆವು. ಪರದೆಗಳನ್ನು ತಂದವಳು ನೀನು ಕಣೇ. ವಾರ್ಡಿಗೆ ಕಾಲಿಟ್ಟಾಗಲೆಲ್ಲ ಎದೆ ಉಬ್ಬುತ್ತದೆ.

ಬಿಸಿನೀರಿನಲ್ಲಿ ಕಾಲಿಡು. ಅತ್ತೆಯ ಜೊತೆ ಜಗಳ ಬೇಡ, ಅವರನ್ನೂ ಯಾರೂ ಏನೂ ಕೇಳಿರಲಿಕ್ಕಿಲ್ಲ. ನಿನ್ನ ಮೈ ನಿನ್ನ ಮಾತು ಕೇಳಲಿ, ಮಗು ಗಟ್ಟಿಯಾಗಿ ಅಳುತ್ತಾ ಬರಲಿ.

ನಿನ್ನ ಅಮ್ಮ

ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಬಿಟ್ಟದ್ದು: ಜೊತೆಗಿರುವ ಆ ಒಬ್ಬರು ನಾನಲ್ಲ, ನಿನ್ನ ನಾದಿನಿ ಅಂತ ಬರೆದಿದ್ದೀಯ. ಕಾರಣ ಬರೆದಿಲ್ಲ. ನನಗೆ ಗೊತ್ತು. ನಿನಗಾಗ ಒಂಬತ್ತು ವರ್ಷ. ಶಾಲೆ ಮುಗಿಸಿಕೊಂಡು ಮನೆಯ ಕೀ ಕೇಳಲು ವಾರ್ಡಿನ ಬಾಗಿಲಿಗೆ ಬಂದಿದ್ದೆ. ಒಳಗೆ ನೋವಿಗೆ ಕೂಗುತ್ತಿದ್ದ ಹುಡುಗಿಯ ಬಾಯಿ ಮುಚ್ಚಿ ತೊಡೆಗೆ ಹೊಡೆದವಳು ನಾನು. ದಾದಿ ಹೇಳಿದ್ದಕ್ಕೆ ಹೊಡೆದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಕೈ ದಾದಿಯದಲ್ಲ, ನನ್ನದು. ನೀನು ಕೀ ಕೇಳದೆ ಹೊರಟುಹೋದೆ. ಸಂಜೆ ನಾನು ಬರುವವರೆಗೂ ಬೀಗ ಹಾಕಿದ ಮನೆಯ ಮುಂದೆ ನೀನು ಕೂತಿದ್ದೆ.

ನಾದಿನಿಯೇ ಇರಲಿ. ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ, ಕರೆದರೆ ಮಾತ್ರ ಬರುತ್ತೇನೆ. ಜೋರಾಗಿ ಕೂಗು ಮಗಳೇ. ಬೆಂಚಿನವರೆಗೂ ಕೇಳಲಿ.