ಹಸಿರು ಮೆಷಿನ್ನಿನ ವಿಡಿಯೊ

ಹನ್ನೆರಡನೇ ತಾರೀಖು, ಮಂಗಳವಾರ

ಮಂಡಿನೋವಿನ ಮಾತ್ರೆ ಇವತ್ತು ನುಂಗಲಿಲ್ಲ. ಇನ್ನು ನುಂಗುವುದೂ ಇಲ್ಲ.

ಆರು ತಿಂಗಳು ನುಂಗಿದೆ. ಮಾರುವವಳು ಒಡಹುಟ್ಟಿದ ತಂಗಿ. ಎಳ್ಳಷ್ಟೂ ಗುಣ ಕಾಣಲಿಲ್ಲ. ಆದರೂ ಅವಳು ಕೇಳಿದಾಗಲೆಲ್ಲ, ಮುಖ ಸಪ್ಪಗಾದೀತೆಂದು, "ಪರವಾಗಿಲ್ಲ ಕಣೇ" ಅನ್ನುತ್ತಿದ್ದೆ.

ಇವತ್ತು ಅಂಗಡಿಗೆ ಅಳತೆ ಕೊಡಲು ಬಂದ ಟೀಚರಮ್ಮ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು. ಅದರಲ್ಲಿ ನಾನು ಹಾಡಿಕೊಳ್ಳುತ್ತಾ ಹೊಲಿಗೆ ಮೆಷಿನ್ ತುಳಿಯುತ್ತಿದ್ದೇನೆ. ಹಿಂದೆ ತಂಗಿಯ ದನಿ: "ಏಳೋಕೇ ಆಗ್ತಿರ್ಲಿಲ್ಲ ನಮ್ಮಕ್ಕನಿಗೆ. ಈ ಮಾತ್ರೆ ತಗೊಂಡ್ಮೇಲೆ ನೋಡಿ!"

ಅದು ಹಸಿರು ಮೆಷಿನ್. ಅದನ್ನು ಮಾರಿ ಮೂರು ವರ್ಷವಾಯಿತು. ಆಗ ನನಗೆ ಮಂಡಿನೋವೇ ಇರಲಿಲ್ಲ.

ಟೀಚರಮ್ಮ ಹೋದ ಮೇಲೆ ತಂಗಿಗೆ ಫೋನು ಮಾಡಿ ಕೇಳಿದೆ. "ನೀನೇ ತಾನೇ ಪರವಾಗಿಲ್ಲ ಅಂದಿದ್ದು? ಈಗ್ಯಾಕೆ ರಾಗ ಎಳೀತೀಯ?" ಅಂದಳು. ಅವಳ ಮೇಲಿನ ಅಕ್ಕರೆಗೆ ಹೇಳಿದ ಸುಳ್ಳನ್ನು ಎಷ್ಟು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದಾಳೆ!

ಇನ್ನೊಂದನ್ನು ಬರೆಯದಿದ್ದರೆ ನಿದ್ದೆ ಬಾರದು. "ನಿಮ್ಮನ್ನ ನೋಡೇ ನಾಲ್ಕು ಡಬ್ಬಿ ತಗೊಂಡೆ ಕಣ್ರೀ" ಅಂದಿದ್ದರು ಟೀಚರಮ್ಮ. ಆಗಲೇ ನಿಜ ಹೇಳಿಬಿಡಬೇಕಿತ್ತು. ತಂಗಿಯ ಮಾನ ಹೋಗುತ್ತದೆಂದು, ಟೇಪು ಕೈಗೆತ್ತಿಕೊಂಡು, ದಿನಾ ಹಿಡಿದು ಏಳುವ ಮೇಜನ್ನೂ ಹಿಡಿಯದೆ, ನಗುತ್ತಾ ಎದ್ದು ನಿಂತೆ.