ಹಿರಿಯರ ಬಯಲು

ನವೆಂಬರ್ ೧೧, ಮಂಗಳವಾರ

ಕೋಳಿ ಬಿಟ್ಟೆ. ಭತ್ತ ಒಣಹಾಕಿದೆ. ಅಷ್ಟರಲ್ಲಿ ಹಳಿಯಾಳ ಕಡೆಯಿಂದ ಅರಣ್ಯ ಇಲಾಖೆಯ ಜೀಪು. ಸಾಹೇಬ ಫೋನಿನಲ್ಲಿ ನಕಾಶೆ ತೋರಿಸಿದ. ಸುತ್ತ ಕಾಡು, ನಡುವೆ ನಮ್ಮ ಹಿರಿಯರ ಬಯಲು ಬೋಳು ತಲೆಯ ಹಾಗೆ.

"ಇದು ಯಾರ ಜಾಗ, ಅಜ್ಜಿ?"

"ನಮ್ಮದಲ್ರೀ. ಹಿರ್ಯಾರದು."

ಮತ್ತೇನು ಹೇಳಲಿ? ಸತ್ತವರು ಕೂರುವ ಜಾಗ. ನಾವು ಸಿದ್ದಿಗಳು ಯಾರೂ ಅದನ್ನು ನಮ್ಮದು ಅನ್ನುವುದಿಲ್ಲ. ಅಲ್ಲಿ ಗಿಡ ಏಳಲು ಬಿಡುವುದಿಲ್ಲ. ವರ್ಷಕ್ಕೊಮ್ಮೆ ಊರೆಲ್ಲ ಕೂತು ಉಣ್ಣಬೇಕಲ್ಲ, ಡಮಾಮಿ ಬಾರಿಸಿ ಕುಣಿಯಬೇಕಲ್ಲ.

ಬರೆದುಕೊಂಡ. ಚಹಾ ಕುಡಿದ. ಒಳ್ಳೆಯವನು ಅಂದುಕೊಂಡೆ...

ನವೆಂಬರ್ ೨೯

ಪಂಚಾಯಿತಿ ಗೋಡೆಗೆ ಕಾಗದ. ಮೊಮ್ಮಗನ ಹೆಂಡತಿ ತುಳಜಾ ಓದಿದಳು. "ಯಾರ ಹಕ್ಕೂ ಇಲ್ಲದ ಖಾಲಿ ಅರಣ್ಯಭೂಮಿ. ತಕರಾರು ಇದ್ದರೆ ಡಿಸೆಂಬರ್ ೧೨ರ ಗ್ರಾಮಸಭೆಗೆ." ನಮ್ಮ ಬಯಲೇ! ಯಾವುದೋ ಕಂಪನಿ ಅಲ್ಲಿ ಸಾವಿರಾರು ಗಿಡ ನೆಡುತ್ತದಂತೆ. ಹವಾಮಾನ ಕೆಟ್ಟಿದೆಯಂತೆ, ಅದಕ್ಕೆ ದಿಲ್ಲಿಯ ನಿಯಮವಂತೆ.

"ಕಂಪನಿ ಹೊಗಿ ಬಿಡೂದು ನಿಲ್ಲಸ್ತೈತೇನ?"

"ಇಲ್ಲಬೇ ಆಯಿ. ಗಿಡ ಹಚ್ಚಿದ್ರ ಅವರಿಗೆ ಮಾರ್ಕ್ಸ್ ಸಿಗ್ತಾವಂತ."

ಮಾರ್ಕ್ಸ್! ನಾಲ್ಕನೇ ಇಯತ್ತೆಯಲ್ಲಿ ಮಾಸ್ತರ ನನಗೆ ಒಂದೂ ಕೊಡಲಿಲ್ಲ. ಹೊಗೆ ಬಿಡುವವರಿಗೆ ಸರಕಾರವೇ ಕರೆದು ಕೊಡುತ್ತದೆ. ನಮ್ಮ ಕೇರಿಯಲ್ಲಿ ಕಾರಿಲ್ಲ, ಫ್ರಿಜ್ಜಿಲ್ಲ. ನನ್ನ ಒಲೆಯ ಹೊಗೆ ನನ್ನ ಕಣ್ಣು ದಾಟುವುದಿಲ್ಲ. ಕೆಡಿಸಿದವರು ಯಾರೋ, ಅಂಗಳ ಬಿಟ್ಟುಕೊಡಬೇಕಾದವರು ನಾವೋ?

ಮೈದುನ ಲಚ್ಚಪ್ಪ ಮುಖ ತಿರುಗಿಸಿದ. "ವೈನೀ, ನಮ್ಮದಲ್ಲ ಅಂದ ನಿನ್ನ ಬಾಯಿಂದನ ಬಯಲು ಹೋತಲ್ಲ."

ಸೆರಗು ಹೊದ್ದು ಮನೆಯ ದಾರಿ ಹಿಡಿದೆ.

ಡಿಸೆಂಬರ್ ೭

ತುಳಜಾ ಫೋನಿನಲ್ಲಿ ಇನ್ನೊಂದು ಕಾಯ್ದೆ ಹುಡುಕಿದ್ದಾಳೆ. ಅರಣ್ಯ ಹಕ್ಕಿನದು. ಊರಿನ ಮುದುಕರು ಹೇಳಿದ್ದನ್ನು ಬರೆದುಕೊಂಡರೆ ಅದೂ ಪುರಾವೆಯಂತೆ. ಎರಡೂ ಒಂದೇ ಸರಕಾರದವು—ಮಾತು ಬಿಟ್ಟ ಓರಗಿತ್ತಿಯರ ಹಾಗೆ ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ.

"ಆದ್ರ ಆಯಿ, ಇದು ನಮ್ಮದು ಅಂತ ಎಲ್ಲಾರ ಮುಂದ ಹೇಳಬೇಕು ನೀ."

ಲಚ್ಚಪ್ಪ ಕಿವಿ ಮುಚ್ಚಿಕೊಂಡ. "ಬ್ಯಾಡ ವೈನೀ. ಹಿರ್ಯಾರು ಮುನೀತಾರ."

"ಅವರ ತಲಿ ಮ್ಯಾಲ ಅಕೇಶಿಯಾ ಹಚ್ಚಿದ್ರ ಮುದ್ದ ಮಾಡ್ತಾರೇನೋ?"

ಅಂದುಬಿಟ್ಟೆ. ಆದರೆ ರಾತ್ರಿ ಹಿರಿಯರ ಹೆಸರಿಗೆ ಒಂದು ತುತ್ತು ತೆಗೆದಿಟ್ಟೆ.

ಡಿಸೆಂಬರ್ ೧೨, ಮಧ್ಯಾಹ್ನ ೩

ಹೇಳಿದೆ. ಮೈಕಿನಲ್ಲಿ. ಬಯಲು ನಮ್ಮದು ಎಂದು.

ಸಾಹೇಬ ನಕ್ಕ. "ಅಜ್ಜಿ, ಅವತ್ತು ನಮ್ಮದಲ್ಲ ಅಂದ್ರಿ. ಯಾವುದು ಸುಳ್ಳು?"

"ಅವತ್ತ ಮರ್ಯಾದಿ ಮಾತಾಡಿದ್ನಿ, ನಿಮಗ ತಿಳೀಲಿಲ್ಲ. ಇವತ್ತ ಕಾಯ್ದೆ ಮಾತಾಡೇನಿ. ಬರ್ಕೋರಿ."

ಊರೆಲ್ಲ ಕೈ ಎತ್ತಿತು. ಲಚ್ಚಪ್ಪ ಎತ್ತಲಿಲ್ಲ. ಎದ್ದು ಹೋದ. ಸಾಹೇಬ "ಮ್ಯಾಲೆ ಕಳಸ್ತೀವಿ" ಅಂದ. ಮೇಲೆ ಅಂದರೆ ಎಲ್ಲಿ? ಉತ್ತರ ಬರುವವರೆಗೆ ಗುದ್ದಲಿ ಬೀಳಬಾರದು ಎಂದು ತುಳಜಾ ಸಭೆಯ ಠರಾವಿನಲ್ಲಿ ಬರೆಸಿದಳು.

ಡಿಸೆಂಬರ್ ೧೬, ಬೆಳಿಗ್ಗೆ ೭

ಬಯಲಿನ ಕಡೆ ಜೇಸಿಬಿ ಸದ್ದು. ಉತ್ತರ ಬಂದಿಲ್ಲ, ಜೇಸಿಬಿ ಬಂದಿದೆ. ಇವರ ಕಾಯ್ದೆಯ ಕಾಲು ಒಂದೇ ಕಡೆಗೆ ಬೇಗ ಏಳುತ್ತದೆ.

ತುಳಜಾ ಓಡಿ ಬಂದಳು. "ಆಯಿ, ಲಚ್ಚಪ್ಪಜ್ಜ ಮದಲ ತೋಡಿದ ಗುಂಡ್ಯಾಗ ಇಳದು ಕುಂತಾನ! ಏಳವಲ್ಲ!"

"ಏನಂತಾನ?"

"ನಮ್ಮದು, ನಮ್ಮದು ಅಂತ ಒದರಾಕ ಹತ್ಯಾನ."

ಹೊರಟೆ. ಅವನ ಪಕ್ಕ ಇನ್ನೊಬ್ಬರಿಗೆ ಜಾಗ ಇದ್ದರೆ—