ವಾಂಡಾ ಬೀಳಿಸದ ಕೋಲು

ಮಾರ್ಚ್ ೪, ೧೯೯೪, ಶುಕ್ರವಾರ

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಉಪವಾಸ. ಕೋಳಿಗಳಿಗೆ ಕಾಳು ಹಾಕಿ, ಮೆಟ್ಟಿಲ ಹಿಮ ಗುಡಿಸಿ ಬಂದರೆ, ಹಿಂದೆ ನಮ್ಮ ಜೊತೆ ಡ್ರಮ್ ಬಾರಿಸುತ್ತಿದ್ದ ಬರ್ನಡೀನಳ ಕಾಗದ. ಅರವತ್ತೊಂದರಲ್ಲಿ ನಮ್ಮ ಚರ್ಚಿನ ಡ್ರಮ್ ತಂಡ ನದಿಯಾಚೆಯವರಿಗೆ ಕೂದಲೆಳೆಯಲ್ಲಿ ಸೋತದ್ದು ನನ್ನ ತಂಗಿ ವಾಂಡಾ ಕೋಲು ಬೀಳಿಸಿ ಅಂಕ ಕಳೆದದ್ದರಿಂದ ಎಂದು ನೆನಪಿನ ಪುಸ್ತಕಕ್ಕೆ ಬರೆಯುತ್ತಾಳಂತೆ. ಸರಿಯೇ ಎಂದು ನನ್ನನ್ನೇ ಕೇಳಿದ್ದಾಳೆ.

ಬೀಳಿಸಿದವಳು ಬರ್ನಡೀನಳೇ. ವಾಂಡಾ ತನ್ನ ಒಂದು ಕೋಲನ್ನು ಅವಳ ಕೈಗೆ ತುರುಕಿ, ತಾನು ಒಂದೇ ಕೋಲಿನಲ್ಲಿ ಬಾರಿಸುತ್ತ ನಡೆದಳು. ತೀರ್ಪುಗಾರರು ವಾಂಡಾಳ ಬರಿಗೈ ನೋಡಿದರು.

ಆಚೆ ದಡದ ಹುಡುಗಿಯರು ಬಸ್ಸಿನ ಕಿಟಕಿಗೇ ಬಂದರು. “ಏನ್ರೇ, ಕೋಲು ಹುಡ್ಕೋಕೆ ಲಾಟೀನು ತರೋಣ್ವಾ?”

ನಾನು ಎದ್ದೆ. ವಾಂಡಾ ಕೈ ಹಿಡಿದು ಕೂರಿಸಿದಳು. “ಸುಮ್ನಿರೇ ಅಕ್ಕ, ಗೊತ್ತಾದ್ರೆ ಬರ್ನಡೀನಳಿಗೆ ಅವಳಪ್ಪ ಹೊಡೀತಾನೆ.”

ಈಗ ವಾಂಡಾ ಮಣ್ಣಿನಲ್ಲಿದ್ದಾಳೆ. ಕ್ಷಮಿಸಲು ಆಗುತ್ತಿಲ್ಲ, ಪ್ರಭುವೇ. ನಡೆದದ್ದನ್ನೆಲ್ಲ ಬರೆದು ಲಕೋಟೆ ಅಂಟಿಸಿದ್ದೇನೆ. ನನ್ನ ಗಂಡ ಕ್ಲೆಮ್‌ಗೂ ಹೇಳಿಟ್ಟೆ: “ರೀ, ಬೆಳಿಗ್ಗೆ ನಾನು ಚರ್ಚಲ್ಲಿ ಪೂಜೆ ಮುಗಿಸಿ ಬರೋದ್ರೊಳಗೆ ಈ ಉತ್ತರ ತಗೊಂಡ್ಹೋಗಿ ಅಂಚೆಗೆ ಹಾಕ್ಬಿಡಿ. ಬಂದ್ಮೇಲೂ ಇಲ್ಲೇ ಇದ್ರೆ, ಮನಸ್ಸು ಕರಗಿ ನಾನೇ ಹರಿದುಬಿಡ್ತೀನಿ.”